ಡೇರಿ ಅಧ್ಯಕ್ಷನಾದ ತಮ್ಮನಿಗೆ ಲಂಡನ್ನಿಂದ ಒಂದು ಕಾಗದ

ಲಂಡನ್
ಭಾನುವಾರ

ಅಪ್ಪ, ಅಮ್ಮನಿಗೆ ನಮಸ್ಕಾರಗಳು. ತಮ್ಮನಿಗೆ ಅಕ್ಕನ ಆಶೀರ್ವಾದ.

ನಾವೆಲ್ಲ ಇಲ್ಲಿ ಕ್ಷೇಮ. ಈ ಕಾಗದ ಜಾಸ್ತಿ ನಿನಗೇ ಕಣೋ. ನೀನು ನಮ್ಮೂರ ಹಾಲಿನ ಡೇರಿಗೆ ಅಧ್ಯಕ್ಷನಾದೆ ಅಂತ ಅಮ್ಮ ಫೋನಿನಲ್ಲಿ ಹೇಳಿದಾಗ ತುಂಬ ಹೆಮ್ಮೆಯಾಯಿತು. ಬಟವಾಡೆ ಎರಡು ದಿನ ತಡವಾದರೂ ಜನ ಮನೆ ಬಾಗಿಲಿಗೆ ಬರುತ್ತಾರೆ ಅಂತ ಅಪ್ಪನಿಗೆ ಚಿಂತೆಯಂತೆ. ಬರಲಿ ಬಿಡು. ಅವರ ದುಡ್ಡು, ಅವರು ಕೇಳುತ್ತಾರೆ.

ಇಲ್ಲಿ ಡಲಿಚ್ ಕಾಲೇಜು ಅಂತ ಹಳೆಯ ಶಾಲೆ ಇದೆ. ಅಂಟಾರ್ಕ್ಟಿಕಾ ಕಡೆ ಸಾಹಸಯಾತ್ರೆ ಹೋಗಿದ್ದ ಅರ್ನೆಸ್ಟ್ ಶ್ಯಾಕಲ್ಟನ್ ಓದಿದ್ದು ಅಲ್ಲೇ. ಅವನ ಮರದ ದೋಣಿಯನ್ನು ಅಲ್ಲಿ ಇಟ್ಟಿದ್ದಾರೆ, ನೋಡಿ ಬಂದೆ. ಉದ್ದ ಏಳು ಮೀಟರಿನಷ್ಟು, ಅಷ್ಟೇ. ಅವನ ಹಡಗು 1915ರಲ್ಲಿ ದಕ್ಷಿಣ ಧ್ರುವದ ಕಡೆಯ ಸಮುದ್ರದಲ್ಲಿ ಮಂಜುಗಡ್ಡೆಗೆ ಸಿಕ್ಕಿ ನುಚ್ಚುನೂರಾಯಿತು. 28 ಜನ ಹಿಮದ ಮೇಲೆ ಬಿದ್ದರು. ಮಲಗುವ ಚೀಲಗಳಲ್ಲಿ 18 ಮಾತ್ರ ತುಪ್ಪಳದವು, ಒಳ್ಳೇ ಬೆಚ್ಚಗಿನವು. ಉಳಿದವು ಉಣ್ಣೆಯವು. ಚೀಟಿ ಎತ್ತಿದರು. ಶ್ಯಾಕಲ್ಟನ್‌ಗೂ ಅವನ ಮುಖ್ಯ ಅಧಿಕಾರಿಗಳಿಗೂ ಉಣ್ಣೆಯವೇ ಬಂದವು. ಚೀಟಿಯಲ್ಲೇ ಏನೋ ಕೈಚಳಕ ನಡೆದಿದೆ ಅಂತ ನಾವಿಕನೊಬ್ಬನಿಗೆ ಗುಮಾನಿ ಬಂತಂತೆ. ನನಗೆ ಅವನ ಸಾಹಸಕ್ಕಿಂತ ಇದೇ ದೊಡ್ಡದು ಅನಿಸುತ್ತದೆ. ಕಷ್ಟ ಬಂದಾಗ ಕೆಟ್ಟ ಪಾಲು ತನಗಿರಲಿ ಅಂದ, ಅದನ್ನು ಹೇಳಿಕೊಳ್ಳಲೂ ಇಲ್ಲ.

ಆ ಗುಂಪಿನಲ್ಲಿ ಮ್ಯಾಕ್‌ನಿಶ್ ಅಂತ ಒಬ್ಬ ಬಡಗಿ. ಮಂಜಿನ ಮೇಲೆ ಎಲ್ಲರೆದುರು ನಾಯಕನ ಮಾತಿಗೆ ಎದುರಾಡಿದವನು. ಆದರೆ ಆ ಪುಟ್ಟ ದೋಣಿಯ ಮೇಲೆ ಪೆಟ್ಟಿಗೆ ಮುಚ್ಚಳ, ಕ್ಯಾನ್ವಾಸ್ ಬಟ್ಟೆ ಹಾಕಿ ಮುಚ್ಚಿಗೆ ಕಟ್ಟಿದವನೂ ಅವನೇ. ಬಿರುಕುಗಳಿಗೆ ದೀಪದ ಬತ್ತಿ ತುರುಕಿ, ಬಣ್ಣವನ್ನೂ ಸೀಲ್ ಪ್ರಾಣಿಯ ರಕ್ತವನ್ನೂ ಮೆತ್ತಿದ್ದ. ಸಹಾಯ ತರಲು ಶ್ಯಾಕಲ್ಟನ್ ಅವನನ್ನೂ ಕರೆದುಕೊಂಡು, ಒಟ್ಟು ಆರು ಜನ, ಅದೇ ದೋಣಿಯಲ್ಲಿ ಸುಮಾರು 1300 ಕಿಲೋಮೀಟರ್ ಹುಚ್ಚು ಸಮುದ್ರ ದಾಟಿದ. ಹಿಂದೆ ಎಲಿಫೆಂಟ್ ಅನ್ನೋ ನಿರ್ಜನ ದ್ವೀಪದಲ್ಲಿ ಕಾಯುತ್ತಿದ್ದ ಉಳಿದ 22 ಜನರನ್ನು ಕರೆತರಲು ಮೂರು ಸಲ ಹೊರಟು ಆಗಲಿಲ್ಲ. ನಾಲ್ಕನೇ ಸಲ, 1916ರ ಆಗಸ್ಟ್ 30ಕ್ಕೆ ತಲುಪಿದ. ಅಷ್ಟೂ ಜನ ಬದುಕಿದ್ದರು.

ಆದರೆ ಊರಿಗೆ ಬಂದ ಮೇಲೆ ಮ್ಯಾಕ್‌ನಿಶ್‌ಗೆ ಪದಕ ಸಿಗದ ಹಾಗೆ ಮಾಡಿದವನೂ ಅದೇ ಶ್ಯಾಕಲ್ಟನ್. ಇದನ್ನು ನಾನು ಒಪ್ಪುವುದಿಲ್ಲ. ಅಷ್ಟು ದೊಡ್ಡ ಮನಸ್ಸಿನವನಿಗೆ ಆ ಒಂದು ಸಿಟ್ಟು ಬಿಡಲಾಗಲಿಲ್ಲ ನೋಡು. ಚುನಾವಣೆಯಲ್ಲಿ ನಿನಗೆ ವಿರುದ್ಧ ನಿಂತವರಿಗೆ ಹಾಲಿನ ಲೆಕ್ಕ ಚೆನ್ನಾಗಿ ಗೊತ್ತು ಅಂತ ನೀನೇ ಹೇಳಿದ್ದೆ, ಅಲ್ವಾ? ಅವರನ್ನು ದೂರ ಇಡಬೇಡ. ಕೆಲಸ ಮುಗಿದ ಮೇಲೂ ಮರೆಯಬೇಡ.

ನೆಂಟರ ಕಾಟ ಬೇರೆ ಶುರುವಾಗಿರುತ್ತದೆ. ಮುದ್ದೇನಹಳ್ಳಿ ನಮಗೇನು ದೂರ? ಅಲ್ಲಿಯ ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನರಾಗುವ ಮುಂಚೆ ನೆಂಟರನ್ನೆಲ್ಲ ಊಟಕ್ಕೆ ಕರೆದು, ಯಾರೂ ಶಿಫಾರಸು ಕೇಳಬಾರದು ಅಂತ ಮಾತು ತೆಗೆದುಕೊಂಡರಂತೆ. ನಮ್ಮ ಕಡೆ ಎಲ್ಲರೂ ಹೇಳುವ ಕಥೆ. ನೀನೂ ಚಿಕ್ಕಪ್ಪನನ್ನು ಊಟಕ್ಕೆ ಕರೆದು ಈಗಲೇ ಹೇಳಿಬಿಡು. ಫ್ಯಾಟ್ ಎಷ್ಟು ಬರುತ್ತದೋ ಅಷ್ಟೇ ಬರೆಯಬೇಕು, ಯಾರ ಹಾಲಾದರೂ ಸರಿ.

ಇನ್ನೊಂದು ಮಾತು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದಾಗ ಅಲ್ಲಿ ಸೇರಿದ್ದವರಲ್ಲಿ ಹೆಚ್ಚಿನವರು ಸುತ್ತಮುತ್ತಲಿನ ಹಳ್ಳಿ ಜನ. ಧ್ವಜ ಸತ್ಯಾಗ್ರಹಕ್ಕೆ ಬಂದವರು. ಅವರಿಗೆ ಅಧಿಕಾರ, ಕುರ್ಚಿ ಏನೂ ಇರಲಿಲ್ಲ. ಬೆಳಗ್ಗೆ ಹಾಲು ಹಿಡಿದು ನಿನ್ನ ಡೇರಿ ಮುಂದೆ ಸಾಲು ನಿಲ್ಲುವವರು ಅಂಥವರ ಮೊಮ್ಮಕ್ಕಳು. ಯಾರಾದರೂ ಗದರಿ ಮಾತಾಡಿದರೂ ನೀನು ಗದರಬೇಡ.

ಅಮ್ಮನ ಮಂಡಿ ನೋವಿನ ಮಾತ್ರೆ ಮುಗಿಯುವ ಮುಂಚೆ ತಂದಿಡು. ಅಪ್ಪ ಹಸುವಿಗೆ ಬೂಸಾ ಮೂಟೆ ಹೊರುವುದು ಬೇಡ, ನೀನೇ ಇಳಿಸಿಕೊಡು. ಮೊದಲ ಸಭೆ ಹೇಗಾಯಿತು, ಯಾರ್‍ಯಾರು ಬಂದಿದ್ದರು, ಎಲ್ಲ ಬರಿ.

ಇಂತಿ ನಿನ್ನ
ಅಕ್ಕ