ಗೆಳೆಯನಿಗೊಂದು ಪತ್ರ: ಇವತ್ತೂ ಹಾರಲಿಲ್ಲ

ಬೀರ್, ಹಿಮಾಚಲ ಪ್ರದೇಶ
ನವೆಂಬರ್ 6, ಸಂಜೆ

ಪ್ರಿಯ ಗೆಳೆಯಾ,

‘ನಾಲ್ಕು ದಿನದಿಂದ ಒಂದು ಫೋಟೊ ಇಲ್ಲ, ಹಾರುವುದನ್ನು ಬಿಟ್ಟೆಯೋ, ಇಲ್ಲ ಎಲ್ಲಾದರೂ ಬಿದ್ದೆಯೋ’ ಎಂದು ಕೇಳಿದ್ದೀಯ. ಎರಡೂ ಅಲ್ಲ. ಇವತ್ತೂ ಪ್ಯಾರಾಗ್ಲೈಡರಿನ ಹದಿನಾರು ಕಿಲೊ ಚೀಲವನ್ನು ಬೆನ್ನಿಗೇರಿಸಿಕೊಂಡು ಬೆಟ್ಟದ ಮೇಲೆ ಹೋಗಿದ್ದೆ. ನಾಲ್ಕು ಗಂಟೆ ಕುಳಿತೆ, ಮೂರು ಲೋಟ ಚಹಾ ಕುಡಿದೆ, ಅದೇ ಚೀಲದೊಂದಿಗೆ ಜೀಪಿನಲ್ಲಿ ಇಳಿದು ಬಂದೆ. ಇಲ್ಲಿಗೆ ಬಂದು ಮೂವತ್ತನಾಲ್ಕು ದಿನವಾಯಿತು. ಹಾರಿದ್ದು ಇಪ್ಪತ್ತೊಂದು ದಿನ. ಉಳಿದ ದಿನಗಳಲ್ಲಿ ಏನು ಮಾಡುತ್ತೇನೆ ಎಂದು ನಮ್ಮ ಬಳಗದ ಎಲ್ಲರೂ ಕೇಳುತ್ತಿದ್ದಾರೆ, ಹಾಗಾಗಿ ನಿನಗೆ ಬರೆಯುವುದನ್ನು ಎಲ್ಲರೂ ಓದಲಿ ಎಂದು ಇಲ್ಲೇ ಬರೆಯುತ್ತಿದ್ದೇನೆ. ನಮ್ಮ ಅಮ್ಮನಿಗೆ ಮಾತ್ರ ಓದಿ ಹೇಳಬೇಡ. ಯಾಕೆಂದು ಆಮೇಲೆ ತಿಳಿಯುತ್ತದೆ.

ಊರಿನ ಹೆಸರು ಬೀರ್, ಹಾರುವ ಜಾಗ ಬಿಲ್ಲಿಂಗ್ ಎಂದಾಗ ನೀನು ‘ಎರಡೂ ಒಂದೇ ಕೌಂಟರಿನಲ್ಲಿ ಸಿಗುತ್ತದಲ್ಲ’ ಎಂದು ನಕ್ಕಿದ್ದೆ. ಇರಲಿ. ಕಾಂಗ್ಡಾ ಕಣಿವೆಯ ಅಂಚಿನಲ್ಲಿ ಬೀರ್ ಇದೆ. ಅದರ ಬೆನ್ನಿಗೆ ಧೌಲಾಧಾರ್ ಪರ್ವತಸಾಲು ಮೆಟ್ಟಿಲುಗಳಿಲ್ಲದ ಗೋಡೆಯಂತೆ ಎದ್ದು ನಿಂತಿದೆ. ಅಲ್ಲಿಂದ ಹದಿನಾಲ್ಕು ಕಿಲೊಮೀಟರ್ ತಿರುವಿನ ರಸ್ತೆಯಲ್ಲಿ ಹತ್ತಿದರೆ ಸುಮಾರು 2,400 ಮೀಟರ್ ಎತ್ತರದಲ್ಲಿ ಬಿಲ್ಲಿಂಗ್. ಒಂದು ಇಳಿಜಾರು ಹುಲ್ಲುಗಾವಲು, ನಾಲ್ಕಾರು ಮ್ಯಾಗಿ ಅಂಗಡಿ, ಬಣ್ಣ ಮಾಸಿದ ಟಿಬೆಟನ್ ಪ್ರಾರ್ಥನಾ ಧ್ವಜಗಳು, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಒಂದು ಗಾಳಿಚೀಲ. ನೋಡಲು ಇಷ್ಟೇ. ಆದರೆ 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದದ್ದು ಈ ಹುಲ್ಲಿನ ಮೇಲೇ.

ಲೆಕ್ಕ ಸರಳ. ನಿಂತ ಗಾಳಿಯಲ್ಲಿ ನನ್ನ ಬಟ್ಟೆಯ ರೆಕ್ಕೆ ಎಂಟೊಂಬತ್ತು ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಇಳಿಯುತ್ತದೆ. ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು. ಬಿಲ್ಲಿಂಗ್‌ನಿಂದ ಕೆಳಗಿನ ಮೈದಾನಕ್ಕೆ ಹೆಚ್ಚು ಕಡಿಮೆ ಸಾವಿರ ಮೀಟರ್ ಇಳಿತ. ಅಂದರೆ ಹದಿನೈದು ನಿಮಿಷಕ್ಕೆ ಆಟ ಮುಗಿಯಬೇಕು. ಅದಕ್ಕಿಂತ ಹೆಚ್ಚು ಹೊತ್ತು ಮೇಲಿದ್ದರೆ ಅದು ಗಾಳಿ ಕೊಟ್ಟ ಸಾಲ. ಸಾಲ ಇವತ್ತು ಸಿಗುತ್ತದೋ ಇಲ್ಲವೋ, ಯಾವ ಬಡ್ಡಿಗೆ ಸಿಗುತ್ತದೆ ಎಂದು ತಿಳಿಯುವುದೇ ಇಲ್ಲಿನ ದಿನಚರಿ.

ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ನೋಡುವ ಮೊದಲು ನಾನು ಹೊಗೆ ನೋಡುತ್ತೇನೆ. ಚಳಿಗಾಲದ ಬೆಳಗಿನಲ್ಲಿ ನಿಮ್ಮ ಬಚ್ಚಲೊಲೆಯ ಹೊಗೆ ತೋಟದ ತಲೆಯ ಮಟ್ಟಕ್ಕೆ ಏರಿ, ಅಲ್ಲೇ ಚಾಪೆ ಹಾಸಿದ ಹಾಗೆ ಮಲಗುತ್ತದಲ್ಲ, ಇಲ್ಲೂ ಹಾಗೆಯೇ. ರಾತ್ರಿಯೆಲ್ಲ ಬೆಟ್ಟದ ತಣ್ಣನೆಯ ಗಾಳಿ ಜಾರಿ ಕಣಿವೆಯಲ್ಲಿ ತುಂಬಿಕೊಂಡು, ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗೆ ಉಳಿದಿರುತ್ತದೆ. ಮೇಲೇರುವ ಒಣಗಾಳಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಷ್ಟು ತಣ್ಣಗಾಗುತ್ತದೆ. ತನ್ನ ಸುತ್ತಲಿನ ಗಾಳಿಗಿಂತ ಬೆಚ್ಚಗಿರುವ ತನಕ ಏರುತ್ತದೆ, ಸಮವಾದಲ್ಲಿ ನಿಲ್ಲುತ್ತದೆ. ಹೊಗೆಯ ಚಾಪೆ ಹರಿಯುವ ತನಕ ಮೇಲೆ ಹೋಗಿ ಪ್ರಯೋಜನವಿಲ್ಲ. ಬಿಲ್ಲಿಂಗ್‌ನ ಇಳಿಜಾರು ದಕ್ಷಿಣಕ್ಕೆ ಮುಖಮಾಡಿದೆ; ಹತ್ತು, ಹತ್ತೂವರೆಯ ಹೊತ್ತಿಗೆ ಅದು ಬಿಸಿಲಿಗೆ ಕಾದು, ಗಾಳಿ ದಿಕ್ಕು ತಿರುಗಿಸಿ ಕಣಿವೆಯಿಂದ ಮೇಲಕ್ಕೆ ಬೀಸತೊಡಗುತ್ತದೆ. ಮೊದಲು ಹುಲ್ಲಿನ ತುದಿ ಅಲುಗುತ್ತದೆ, ಆಮೇಲೆ ಧ್ವಜ, ಎಲ್ಲಕ್ಕಿಂತ ಕೊನೆಗೆ ಸೋಮಾರಿ ಗಾಳಿಚೀಲ.

ಇದನ್ನೆಲ್ಲ ಕಲಿಯಲು ನಾನು ಎರಡು ಸಾವಿರ ಕಿಲೊಮೀಟರ್ ದೂರ ಬಂದು ಶುಲ್ಕ ಕಟ್ಟಿದೆ ಎನ್ನುವುದು ನೆನೆದರೆ ನಗು ಬರುತ್ತದೆ. ನಿನ್ನ ಅಪ್ಪಯ್ಯ ಕಣದಲ್ಲಿ ಭತ್ತ ತೂರುವಾಗ ನಾವಿಬ್ಬರೂ ಹುಲ್ಲುಕುತ್ರಿಯ ಮೇಲೆ ಕುಳಿತು ನೋಡುತ್ತಿದ್ದೆವು. ಗಾಳಿ ಬಂತೆಂದು ಅವರು ಕೂಡಲೇ ತೂರಿದ್ದನ್ನು ನಾನು ಕಂಡಿಲ್ಲ. ಗೆರಸಿ ಎತ್ತಿ ನಿಂತು, ಒಂದು ಹಿಡಿ ಭತ್ತ ಬೀಳಬಿಟ್ಟು, ಜೊಳ್ಳು ಎಲ್ಲಿ ಬಿತ್ತು ನೋಡಿ, ಮತ್ತೆ ಸುಮ್ಮನೆ ನಿಲ್ಲುತ್ತಿದ್ದರು. ಬೀಸುವ ಗಾಳಿಗಿಂತ ಬಿಡುವು ಕೊಡದೆ ಒಂದೇ ಸಮ ಬೀಸುವ ಗಾಳಿ ಅವರಿಗೆ ಬೇಕಾಗಿತ್ತು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಾವು ಅವಕಾಶವಾದಿಗಳ ಬಾಯಿಗೆ ಕೊಟ್ಟುಬಿಟ್ಟಿದ್ದೇವೆ. ಕಟ್ಟಿದವನು ಕಣದಲ್ಲಿ ನಿಂತು ಕೈ ಸೋತವನೇ ಇರಬೇಕು. ಅದರಲ್ಲಿ ತೂರುವುದಕ್ಕಿಂತ ಕಾಯುವುದೇ ಹೆಚ್ಚಿದೆ.

ಗಾಳಿ ಹದವಾಗಿ ಬಂದ ದಿನದ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಇವನು ಚಹಾ ಕುಡಿಯಲು ಹಿಮಾಲಯಕ್ಕೆ ಹೋದ ಎನ್ನುತ್ತೀಯ. ಕಳೆದ ಗುರುವಾರ ಹನ್ನೊಂದೂವರೆಗೆ ರೆಕ್ಕೆ ಎತ್ತಿದೆ. ಎದುರುಗಾಳಿಗೆ ಬೆನ್ನು ಹಾಕಿ ನಿಂತು ಹಗ್ಗಗಳನ್ನು ಎಳೆದಾಗ ನೆಲದಲ್ಲಿ ಮಲಗಿದ್ದ ಬಟ್ಟೆ ಉಸಿರು ತುಂಬಿಕೊಂಡು ತಲೆಯ ಮೇಲೆ ಬಂದು ನಿಲ್ಲುತ್ತದೆ. ತಿರುಗಿ ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಕಾಲಿಗೆ ನೆಲ ಸಿಗುವುದಿಲ್ಲ. ಎಡಕ್ಕಿರುವ ದಿಣ್ಣೆಯ ಮೇಲೆ ಕೊರಳಿಗೆ ಕಟ್ಟಿದ ವೇರಿಯೊ ಎಂಬ ಪುಟ್ಟ ಯಂತ್ರ ಪೀಪ್ ಎಂದಿತು. ಏರುತ್ತಿದ್ದರೆ ಕೂಗುವುದು, ಇಳಿಯುತ್ತಿದ್ದರೆ ನರಳುವುದು, ಅಷ್ಟೇ ಅದರ ಕೆಲಸ. ಬಿಸಿಗಾಳಿಯ ಕಂಬಕ್ಕೆ ನಾವು ಥರ್ಮಲ್ ಎನ್ನುತ್ತೇವೆ. ಕಣ್ಣಿಗೆ ಕಾಣದ ಬಾವಿಯ ಗೋಡೆಯನ್ನು ತಡವುತ್ತ ಸುತ್ತುವ ಹಾಗೆ ಅದರೊಳಗೇ ಸುತ್ತು ಹಾಕಬೇಕು. ಸ್ವಲ್ಪ ಹೊರಗೆ ಬಿದ್ದರೆ ಕಂಬದ ಪಕ್ಕದಲ್ಲಿ ಇಳಿಯುವ ಗಾಳಿ ಇದ್ದದ್ದನ್ನೂ ಕಿತ್ತುಕೊಳ್ಳುತ್ತದೆ. ಮೂರು ಸಲ ತಪ್ಪಿಸಿಕೊಂಡೆ. ನಾಲ್ಕನೆಯ ಸಲ ನೆರವಿಗೆ ಬಂದದ್ದು ಒಂದು ರಣಹದ್ದು.

ಹಿಮಾಲಯದ ರಣಹದ್ದು, ಮೂರು ಮೀಟರಿಗೆ ಹತ್ತಿರದ ರೆಕ್ಕೆ. ನನಗಿಂತ ಐವತ್ತು ಮೀಟರ್ ಆಚೆ ರೆಕ್ಕೆ ಬಡಿಯದೆ, ಲಿಫ್ಟಿನಲ್ಲಿ ನಿಂತವರ ಮುಖಭಾವದಲ್ಲಿ ಏರುತ್ತಿತ್ತು. ಹೋಗಿ ಅದರ ಸುತ್ತಿಗೆ ಸೇರಿಕೊಂಡೆ. ಮೊದಲು ಥರ್ಮಲ್ ಹೊಕ್ಕವರು ಯಾವ ದಿಕ್ಕಿಗೆ ಸುತ್ತುತ್ತಾರೋ ಆಮೇಲೆ ಬಂದವರೂ ಅದೇ ದಿಕ್ಕಿಗೆ ಸುತ್ತಬೇಕೆಂಬುದು ನಮ್ಮ ನಿಯಮ. ಹಕ್ಕಿ ಮೊದಲು ಬಂದಿತ್ತು, ನಾನು ಪಾಲಿಸಿದೆ. ಒಮ್ಮೆ ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿತು. ಆ ನೋಟದಲ್ಲಿ ಗೌರವವೇನೂ ಇರಲಿಲ್ಲ. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಎಂದು ಘೋಷಿಸಿದ ಮೇಲೆ ನಾವು ಹೋಗಿ ಇಡೀ ಬೆಳಿಗ್ಗೆ ಕತ್ತೆತ್ತಿ ನಿಂತು ಒಂದನ್ನೂ ಕಾಣದೆ ಬಂದದ್ದು ನೆನಪಿದೆಯೇ? ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದಿಂದ ಅವುಗಳ ಹೊಟ್ಟೆ ಸೇರಿ ದೇಶದ ರಣಹದ್ದುಗಳನ್ನೇ ಗುಡಿಸಿಹಾಕಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಗುವಷ್ಟರಲ್ಲಿ ತಡವಾಗಿತ್ತು. ಇಲ್ಲಿ ಒಂದು, ಎರಡು, ಆರು ಎಂದು ಎಣಿಸುತ್ತ ನಾನು ಎತ್ತರ ನೋಡುವುದನ್ನೇ ಮರೆತೆ. ನೋಡಿದಾಗ 3,100 ಮೀಟರ್. ಹಿಂದೆ ಹಿಮ, ಕೆಳಗೆ ದೇವದಾರು ಮರಗಳು ಸಾಸಿವೆಯಂತೆ, ದೂರದಲ್ಲಿ ಪಾಲಂಪುರದ ಚಹಾ ತೋಟಗಳು. ಬಲ್ಲವರು ಈ ಸಾಲನ್ನೇ ಹಿಡಿದು ಧರ್ಮಶಾಲೆಗೆ ಹೋಗಿ ವಾಪಸಾಗುತ್ತಾರೆ. ನಾನು ಇನ್ನೂ ಅಂಗಳದ ಕೋಳಿ.

ಸಂಜೆ ಇಳಿಯುವ ಹೊತ್ತು ಮತ್ತೂ ಚೆನ್ನ. ನೆರಳು ಬಿದ್ದ ಇಳಿಜಾರಿನಿಂದ ತಣ್ಣನೆಯ ಗಾಳಿ ಜಾರಿ, ಕಣಿವೆಯ ನಡುವಿನ ಬೆಚ್ಚನೆಯ ಗಾಳಿಯನ್ನು ನಿಧಾನವಾಗಿ ಮೇಲೆತ್ತುತ್ತದೆ. ಮಧ್ಯಾಹ್ನದ ಕುಲುಕಾಟವಿಲ್ಲ. ಬೆಣ್ಣೆಯ ಮೇಲೆ ಕುಳಿತ ಹಾಗೆ.

ಇನ್ನು ಇವತ್ತಿನ ವಿಷಯ. ಇವತ್ತು ನೀನು ಬಂದಿದ್ದರೆ ಬೈಯುತ್ತಿದ್ದೆ. ಆಕಾಶ ತೊಳೆದಿಟ್ಟ ಹಾಗಿತ್ತು, ಗಾಳಿಚೀಲ ಎದುರಿನಿಂದಲೇ ತುಂಬಿ ನಿಂತಿತ್ತು. ಬೆಂಗಳೂರಿನಿಂದ ಟ್ಯಾಂಡಮ್, ಅಂದರೆ ಪೈಲಟ್ ಜೊತೆ ಒಂದೇ ರೆಕ್ಕೆಯಲ್ಲಿ, ಹಾರಲು ಬಂದಿದ್ದ ಗಂಡ ಹೆಂಡತಿ ಕನ್ನಡದಲ್ಲೇ ‘ಇಷ್ಟು ಚೆನ್ನಾಗಿದೆ, ಯಾಕೆ ಬಿಡುತ್ತಿಲ್ಲ’ ಎಂದು ಸಿಡಿಮಿಡಿಗೊಳ್ಳುತ್ತಿದ್ದರು. ನಾನೂ ರೆಕ್ಕೆ ಹಾಸಿ ಹಾರ್ನೆಸ್ಸಿನ ಪಟ್ಟಿ ಬಿಗಿದಿದ್ದೆ. ಆದರೆ ಇಲ್ಲೇ ಹುಟ್ಟಿ ಬೆಳೆದ ಹಿರಿಯ ಪೈಲಟ್ ಒಬ್ಬರು ಚೀಲವನ್ನು ಬಿಚ್ಚದೆ ಅದರ ಮೇಲೇ ಕುಳಿತಿದ್ದರು. ಗಾಳಿಚೀಲದ ಕಡೆ ಅವರ ಕಣ್ಣಿರಲಿಲ್ಲ. ಬಹಳ ಮೇಲೆ ಒಂದು ತುಂಡು ಮೋಡ ಹಿಮದ ಕಡೆಯಿಂದ ಕಣಿವೆಯ ಕಡೆಗೆ ಸರಿಯುತ್ತಿತ್ತು. ಅದನ್ನು ನೋಡುತ್ತಿದ್ದರು.

ನಿಜವಾದ ಗಾಳಿ ಬೆಟ್ಟದ ಹಿಂದಿನಿಂದ, ಉತ್ತರದಿಂದ ಬೀಸುತ್ತಿತ್ತು. ನಮ್ಮ ಮುಂದಿನ ಇಳಿಜಾರು ಬಿಸಿಯಾಗಿ ಬಿಸಿಗಾಳಿ ಏರುವಾಗ ಅದು ಕೆಳಗಿನ ಗಾಳಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆ ಸೆಳೆತವನ್ನೇ ಗಾಳಿಚೀಲ ನಮಗೆ ಎದುರುಗಾಳಿ ಎಂದು ತೋರಿಸುತ್ತಿತ್ತು. ಸುಳ್ಳು ಹೇಳಲಿಲ್ಲ, ಪೂರ್ತಿ ಹೇಳಲಿಲ್ಲ. ಹೊಳೆಯಲ್ಲಿ ಬಂಡೆಯ ಮುಂದಿನ ನೀರಿಗೂ ಹಿಂದಿನ ನೀರಿಗೂ ಇರುವ ವ್ಯತ್ಯಾಸ ತುಂಗೆಯಲ್ಲಿ ಈಜಿದ ನಮಗೆ ಗೊತ್ತು. ಬೆಟ್ಟದ ಮರೆಯಲ್ಲಿ ಗಾಳಿಯೂ ಹಾಗೆಯೇ ಸುಳಿಯಾಗಿ ಮಗುಚುತ್ತದೆ. ಬಟ್ಟೆಯ ರೆಕ್ಕೆಗೆ ಎಲುಬಿಲ್ಲ, ಒಳಗಿನ ಗಾಳಿಯ ಒತ್ತಡವೇ ಅದರ ಎಲುಬು. ಸುಳಿಗೆ ಸಿಕ್ಕರೆ ಅರ್ಧ ರೆಕ್ಕೆ ಒದ್ದೆ ಪಂಚೆಯ ಹಾಗೆ ಜೋತುಬೀಳುತ್ತದೆ. ಹತ್ತು ನಿಮಿಷ ಕಾದೆ. ಗಾಳಿಚೀಲ ತಟ್ಟನೆ ಸತ್ತು, ಒಂದು ಸುತ್ತು ತಿರುಗಿ, ಬೆನ್ನ ಹಿಂದಿನಿಂದ ತುಂಬಿತು. ಮತ್ತೆ ಎರಡೇ ನಿಮಿಷಕ್ಕೆ ಎದುರಿನಿಂದ. ನಾನು ಪಟ್ಟಿ ಬಿಚ್ಚಿದೆ. ಬೆಂಗಳೂರಿನ ದಂಪತಿಗೆ ಕನ್ನಡದಲ್ಲಿ ವಿವರಿಸಲು ಹೋದೆ. ಹಣ ವಾಪಸ್ ಸಿಗುತ್ತದೆಯೇ ಎಂದು ಕೇಳಿದರು.

ಈಗ ಅಮ್ಮನಿಗೆ ಹೇಳಬಾರದ ಭಾಗ. ನಾನು ಇಷ್ಟು ಬೇಗ ಪಟ್ಟಿ ಬಿಚ್ಚುವವನಾದದ್ದು ಬುದ್ಧಿಯಿಂದಲ್ಲ. ಕಳೆದ ತಿಂಗಳು ಒಂದು ಮಧ್ಯಾಹ್ನ ಎರಡೂವರೆಗೆ, ಬೆಟ್ಟದ ಮೇಲೆ ಮೋಡ ಹೂಕೋಸಿನಂತೆ ಉಬ್ಬುತ್ತಿದ್ದುದನ್ನು ಕಂಡೂ ಹಾರಿದೆ. ಎಲ್ಲರೂ ಮೇಲಿದ್ದರು, ನಾನೊಬ್ಬನೇ ಕೆಳಗೆ ಯಾಕೆ ಎಂಬ ಹೊಟ್ಟೆಕಿಚ್ಚು. ಮೊದಲ ಐದು ನಿಮಿಷ ವೇರಿಯೊ ಬಿಡದೆ ಕೂಗಿತು, ನಾನೂ ಕೂಗಿದೆ. ಆಮೇಲೆ ಗಮನಿಸಿದರೆ ಸುತ್ತುವುದನ್ನು ಬಿಟ್ಟು ನೇರವಾಗಿ ಹೋಗುತ್ತಿದ್ದರೂ ಏರುತ್ತಲೇ ಇದ್ದೇನೆ. ತಲೆಯ ಮೇಲೆ ಮೋಡದ ತಳ ಮಸಿ ಹಿಡಿದ ಹಂಡೆಯ ತಳದಷ್ಟು ಕಪ್ಪಗಿತ್ತು. ಕಣಿವೆಯ ಕಡೆ ತಿರುಗಿಸಿ, ರೆಕ್ಕೆಯ ಎರಡೂ ತುದಿಗಳನ್ನು ಒಳಕ್ಕೆ ಮಡಚಿದೆ. ಇಳಿಯಲು ಮಾಡುವ ಉಪಾಯ ಅದು, ಬಿಗ್ ಇಯರ್ಸ್ ಎನ್ನುತ್ತಾರೆ. ಆಗಲೂ ಏರುತ್ತಿದ್ದೆ. ನೀರಾವಿ ಹನಿಯಾಗುವಾಗ ಬಿಡುವ ಶಾಖವೇ ಮೋಡಕ್ಕೆ ಇಂಧನ. ಬೆಳೆದಷ್ಟೂ ಅದು ಕೆಳಗಿನದನ್ನು ಹೀರುತ್ತದೆ. 2007ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಮನಿಲ್ಲಾದಲ್ಲಿ ಏವಾ ವಿಸ್ನಿಯರ್ಸ್ಕಾ ಎಂಬ ಪೈಲಟನ್ನು ಇಂಥದ್ದೇ, ಆದರೆ ಗುಡುಗಿನ, ಮೋಡ 9,946 ಮೀಟರಿಗೆ ಎಳೆದೊಯ್ದಿತ್ತು. ಪ್ರಜ್ಞೆ ತಪ್ಪಿ, ಹಿಮಗಟ್ಟಿ, ಹೇಗೋ ಬದುಕಿ ಇಳಿದರು. ಅದೇ ದಿನ ಅಲ್ಲೇ ಹಾರಿದ್ದ ಚೀನಾದ ಪೈಲಟ್ ಬದುಕಲಿಲ್ಲ. ಈ ಕಥೆ ನನಗೆ ಆಗಲೇ ನೆನಪಾಗಬೇಕಾಗಿತ್ತೆ! ನಾಲ್ಕು ನಿಮಿಷ. ಬಿಳಿ ಚಿಂದಿಗಳು ಬೂಟಿನ ಪಕ್ಕದಲ್ಲಿ ಹಾದುಹೋದವು. ಕೊನೆಗೆ ಬಿಸಿಲಿದ್ದ ಕಡೆ ತಲುಪಿದಾಗ ವೇರಿಯೊ ನರಳಿತು. ಇಳಿಯುವ ಸದ್ದು ಅಷ್ಟು ಇಂಪಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಮೈದಾನಕ್ಕೆ ಬಂದು ಹೆಲ್ಮೆಟ್ ಬಿಚ್ಚಲು ಹೋದರೆ ಬೆರಳು ಮಾತು ಕೇಳಲಿಲ್ಲ. ಅದೇ ಹಿರಿಯರು ಬಂದು ಬಕಲ್ ಬಿಚ್ಚಿಕೊಟ್ಟು ‘ಚಹಾ?’ ಎಂದರು, ಇನ್ನೇನೂ ಕೇಳಲಿಲ್ಲ.

ಹಾರದ ದಿನಗಳಲ್ಲಿ ಟಿಬೆಟನ್ ಕಾಲೊನಿಯ ಕಡೆ ಹೋಗುತ್ತೇನೆ. ಅಲ್ಲಿ ಥುಕ್ಪಾ ಎಂಬ ನೂಡಲ್ ಸೂಪಿನ ಅಂಗಡಿಯ ಅಜ್ಜ ನಮ್ಮ ಬೈಲುಕುಪ್ಪೆಯಲ್ಲಿ ಬೆಳೆದವರು. ನನ್ನ ಹಿಂದಿ ಕೇಳಿದವರೇ ಕನ್ನಡದಲ್ಲಿ ‘ಯಾವ ಊರು’ ಎಂದರು. ಅವರಿಗೆ ಈಗಲೂ ಆಷಾಢದ ಗಾಳಿ, ಜೋಳದ ಹೊಲ ನೆನಪು. ಅವರ ಕನ್ನಡ ನನ್ನ ಸೋದರಳಿಯನ ಕನ್ನಡಕ್ಕಿಂತ ಚೆನ್ನಾಗಿದೆ.

ನಾಳೆ ಒಂಬತ್ತಕ್ಕೆ ಜೀಪು. ಉತ್ತರದ ಗಾಳಿ ರಾತ್ರಿ ಇಳಿಯುತ್ತದೆ ಎಂದು ಮೊಬೈಲ್ ಹೇಳುತ್ತಿದೆ. ಹೊಗೆ ಏನು ಹೇಳುತ್ತದೋ ಬೆಳಿಗ್ಗೆ ನೋಡಬೇಕು. ನಿನ್ನ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರಡಿದೆ ಎಂದಿದ್ದೆ, ಒಣಗಿತೇ? ನಿನಗೂ ಈಗ ನನ್ನ ಹಾಗೆ ದಿನಕ್ಕೆ ಇಪ್ಪತ್ತು ಸಲ ಆಕಾಶ ನೋಡುವ ಕಾಲ. ಮತ್ತೆ ಅಪ್ಪಯ್ಯನಲ್ಲಿ ಒಂದು ಮಾತು ಕೇಳಿ ಬರೆ: ಆ ಒಂದು ಹಿಡಿ ಭತ್ತ ಬಿಟ್ಟಾಗ ಜೊಳ್ಳು ಎಷ್ಟು ದೂರ ಬಿದ್ದರೆ ಅವರಿಗೆ ಗಾಳಿ ಹದ? ಹುಲ್ಲುಕುತ್ರಿಯ ಮೇಲೆ ಅಷ್ಟು ವರ್ಷ ಕುಳಿತೂ ನಾವು ಅದನ್ನು ಕೇಳಲಿಲ್ಲ.

ಇಂತಿ,
ನಿನ್ನ ಗೆಳೆಯ