ಹೆಸರಿನ ಜೊತೆ ಗಂಟೆಯನ್ನೂ ಬರೆದು ಕಳಿಸು

ಪ್ರೀತಿಯ ಗೆಳೆಯಾ,

ಅಪ್ಪನಿಗೆ ಡಯಾಲಿಸಿಸ್ ಶುರುವಾಯಿತು ಅಂತ ನೀನು ಹಾಕಿದ ಮೆಸೇಜು ನಿನ್ನೆ ರಾತ್ರಿ ನೋಡಿದೆ. 'ಪ್ರಾರ್ಥನೆಯಲ್ಲಿ ನೆನೆಸಿಕೋ' ಅಂದಿದ್ದೀಯ. ಬೆರಳು ತಾನಾಗೇ ಕೈಮುಗಿದ ಎಮೋಜಿಯ ಹತ್ತಿರ ಹೋಯಿತು. ಒತ್ತಲಿಲ್ಲ. ಅದನ್ನು ಒತ್ತಿ ಎಷ್ಟು ಜನರನ್ನು ಮರೆತಿದ್ದೇನೋ ನನಗೇ ಲೆಕ್ಕ ಇಲ್ಲ.

ನನ್ನ ದೊಡ್ಡಪ್ಪ ನಾಲ್ಕು ವರ್ಷ ಡಯಾಲಿಸಿಸ್ ಮಾಡಿಸಿಕೊಂಡರು, ನಿನಗೆ ಗೊತ್ತಲ್ಲ. ಕಿಡ್ನಿಯ ಬದಲು ಮೆಷಿನ್ನು ರಕ್ತ ಶುದ್ಧಿ ಮಾಡೋದು, ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಮೊದಲ ತಿಂಗಳು ಮನೆ ತುಂಬ ಜನ. ಚರ್ಚಿನ ಅಯ್ಯನವರು ಬಂದರು, ಮನೆಗಳಲ್ಲಿ ಪ್ರಾರ್ಥನೆಗೆ ಸೇರುವ ಮನೆಕೂಟದವರು ಬಂದರು, ಉಪವಾಸ ಪ್ರಾರ್ಥನೆಯೂ ಆಯಿತು. ಪ್ರಾರ್ಥನೆಗೆ ಬಂದವರೆಲ್ಲ ಪ್ರೀತಿಯಿಂದ ಎಳನೀರು, ಬಾಳೆಹಣ್ಣು ತಂದರು. ಪೊಟ್ಯಾಸಿಯಂ ಜಾಸ್ತಿ ಅಂತ ಡಾಕ್ಟರು ಬೇಡ ಅಂದಿದ್ದು ಅವೆರಡನ್ನೇ! ಪಕ್ಕದ ಮನೆಯ ಮಕ್ಕಳಿಗೆ ಹಬ್ಬವಾಯಿತು.

ಆರನೇ ತಿಂಗಳಿಗೆ, ಭಾನುವಾರದ ಆರಾಧನೆಯಲ್ಲಿ ಓದುವ ರೋಗಿಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಯಾರೂ ಬೇಕಂತ ಬಿಟ್ಟದ್ದಲ್ಲ. ಜ್ವರ, ಆಪರೇಷನ್ ಆದರೆ ನಮಗೆ ಪ್ರಾರ್ಥನೆ ಮಾಡಲು ಬರುತ್ತೆ. ವಾಸಿಯಾಗದೆ ವರ್ಷಗಟ್ಟಲೆ ಎಳೆಯುವ ಕಾಯಿಲೆಗೆ ಏನು ಕೇಳಬೇಕು ಅಂತಲೇ ತಿಳಿಯೋದಿಲ್ಲ.

ನನಗೂ ತಿಳಿದಿರಲಿಲ್ಲ. ಒಂದು ಸಂಜೆ ಅವರ ಮಂಚದ ಪಕ್ಕ ನಿಂತು, ಈಸ್ಟರ್ ಹೊತ್ತಿಗೆ ಪೂರ್ತಿ ಗುಣಮಾಡು ಕರ್ತನೇ ಅಂತ ಜೋರಾಗಿ ಬೇಡಿಕೊಂಡೆ. ಆಮೆನ್ ಅಂದ ಮೇಲೆ ದೊಡ್ಡಪ್ಪ ನಕ್ಕರು. 'ಅದಿರಲಿ ಮಗಾ, ಮೊದಲು ಈ ಬಾಯಾರಿಕೆಗೆ ಪ್ರಾರ್ಥನೆ ಮಾಡು' ಅಂದರು.

ಅವರಿಗೆ ಮೂತ್ರ ಹೋಗುತ್ತಿದ್ದುದೇ ಕಡಿಮೆ, ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತಿತ್ತು. ಅದಕ್ಕೇ ನೀರಿಗೆ ಅಳತೆ. ದೊಡ್ಡಮ್ಮ ದಿನದ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಡುತ್ತಿದ್ದರು. ಮಾತ್ರೆಗೂ ಅದೇ, ಕಾಫಿಗೂ ಅದೇ. ಏಪ್ರಿಲ್ ಮಧ್ಯಾಹ್ನ ಒಂದು ಚೂರು ಐಸ್ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತರೆ, ಅದು ಕರಗುವ ತನಕ ದೊಡ್ಡಪ್ಪ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಇನ್ನೊಂದು ದಿನ ಎಡಗೈ ಚಾಚಿ 'ಮುಟ್ಟಿ ನೋಡು' ಅಂದರು. ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ ಜಾಗ, ಫಿಸ್ಟುಲಾ ಅಂತಾರೆ. ಬೆರಳಿಟ್ಟರೆ ಒಳಗೆ ಜುಂ ಅಂತಿತ್ತು, ಜೇಡಿಮಣ್ಣಿನ ಗೂಡಲ್ಲಿ ಕಣಜ ಗುಂಯ್‌ಗುಟ್ಟಿದ ಹಾಗೆ.

ಆಮೇಲಿಂದ ನನ್ನ ಪ್ರಾರ್ಥನೆ ಚಿಕ್ಕದಾಯಿತು. ಹಳೇ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ: ಸೋಮ, ಬುಧ, ಶುಕ್ರ, ಬೆಳಿಗ್ಗೆ 6ರ ಪಾಳಿ. ಸೂಜಿ ಒಂದೇ ಸಲಕ್ಕೆ ಸಿಗಲಿ. ಬಿಪಿ ಇಳಿಯದಿರಲಿ. ಕಾಲು ಹಿಡಿದುಕೊಳ್ಳದಿರಲಿ. ಬಾಯಾರಿಕೆ ತಡೆಯೋಕಾಗಲಿ. ಅಷ್ಟೇ. ಎಷ್ಟೋ ದಿನ ಹಲ್ಲುಜ್ಜುತ್ತಾ ಹೇಳಿದ್ದೇನೆ. ಕೆಲವು ದಿನ ಮರೆತು, ಹತ್ತು ಗಂಟೆಗೆ ನೆನಪಾಗಿ, ಮೆಷಿನ್ನಿಂದ ತೆಗೆಯುವ ಹೊತ್ತಿಗೆ ಬಸ್ಸಿನಲ್ಲೇ ಕಣ್ಣು ಮುಚ್ಚಿದ್ದೇನೆ.

ಇದರಿಂದ ಏನಾಯಿತು ಅಂತ ನೀನು ಕೇಳೇ ಕೇಳುತ್ತೀಯ, ವಿಜ್ಞಾನದ ಮೇಷ್ಟ್ರು ನೀನು. 2006ರಲ್ಲಿ ಅಮೆರಿಕದಲ್ಲಿ ಹೃದಯದ ಬೈಪಾಸ್ ಆಪರೇಷನ್ ಮಾಡಿಸಿಕೊಂಡ 1802 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ದೂರದಲ್ಲಿ ಕೂತವರು ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗಾಗಿ 14 ದಿನ ಪ್ರಾರ್ಥಿಸಿದರು. ಫಲಿತಾಂಶದಲ್ಲಿ ಲಾಭ ಕಾಣಲಿಲ್ಲ. ನಿನಗಾಗಿ ಪ್ರಾರ್ಥನೆ ನಡೀತಿದೆ ಅಂತ ಹೇಳಿಸಿಕೊಂಡವರಲ್ಲಿ ತೊಂದರೆ ಸ್ವಲ್ಪ ಜಾಸ್ತಿಯೇ ಇತ್ತು. ಓದಿದಾಗ ನನಗೆ ಬೇಜಾರಾಗಲಿಲ್ಲ. ಪ್ರಾರ್ಥಿಸಿದವರ ಕೈಲಿದ್ದದ್ದು ರೋಗಿಯ ಮೊದಲ ಹೆಸರು, ಕೊನೆಯ ಹೆಸರಿನ ಒಂದು ಅಕ್ಷರ, ಅಷ್ಟೇ. ಇಷ್ಟು ಡೋಸಿಗೆ ಇಷ್ಟು ಗುಣ ಅಂತ ತಂದೆಯಾದ ದೇವರ ಹತ್ತಿರ ಯಾರು ಮಾತಾಡುತ್ತಾರೆ?

ದೊಡ್ಡಪ್ಪ ಗುಣವಾಗಲಿಲ್ಲ, ತೀರಿಕೊಂಡರು. ಬೈಬಲಿನಲ್ಲಿ, ಎಷ್ಟೋ ಜನರನ್ನು ಗುಣಪಡಿಸಿದ ಅಪೊಸ್ತಲ ಪೌಲನೇ, ಕಾಯಿಲೆ ಬಿದ್ದ ಜೊತೆಗಾರ ತ್ರೊಫಿಮನನ್ನು ಮಿಲೇತ ಅನ್ನೋ ಊರಲ್ಲಿ ಬಿಟ್ಟು ಬಂದೆ ಅಂತ ಶಿಷ್ಯ ತಿಮೊಥೆಗೆ ಬರೆಯುತ್ತಾನೆ. ಒಂದೇ ಸಾಲು, ಕಾರಣ ಹೇಳೋದಿಲ್ಲ. ನನಗೆ ಆ ಸಾಲು ದೊಡ್ಡ ಸಮಾಧಾನ. ನಂಬಿಕೆ ಸಾಲದು ಅಂತ ಹೇಳಲು ಯಾರಾದರೂ ನಿಮ್ಮ ಮನೆಗೆ ಬಂದರೆ ಕಾಫಿ ಕೊಟ್ಟು ಕಳಿಸಿಬಿಡು. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದು, ಛಾವಣಿ ತೆಗೆದು ಇಳಿಸಿದರಲ್ಲ, ಯೇಸು ನೋಡಿದ್ದು 'ಅವರ' ನಂಬಿಕೆಯನ್ನು ಅಂತ ಮಾರ್ಕ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಮಲಗಿದ್ದವನು ಒಂದು ಮಾತೂ ಆಡಿದ ಹಾಗೆ ಕಾಣೋದಿಲ್ಲ. ಅಪ್ಪನಿಗೆ ಸುಸ್ತಾಗಿ ಪ್ರಾರ್ಥನೆ ಮಾಡೋಕೆ ಆಗದ ದಿನ ಇದನ್ನು ಹೇಳು.

ಈಗ ನನಗೆ ಬೇಕಾದ್ದು: ಅಪ್ಪನ ಪಾಳಿ ಯಾವ ದಿನ, ಎಷ್ಟು ಗಂಟೆಗೆ? ಯಾವ ಕೈ? ದಿನಕ್ಕೆ ಎಷ್ಟು ನೀರು ಹೇಳಿದ್ದಾರೆ? ರಾತ್ರಿ ನಿದ್ದೆ ಬರುತ್ತಾ? ನಿನಗೆ? ನೋಟ್‌ಬುಕ್ಕಿನಲ್ಲಿ ಪುಟ ಮಡಚಿಟ್ಟಿದ್ದೇನೆ. ಮತ್ತೆ, ಬುಧವಾರ ನನಗೆ ವಾರದ ರಜೆ ಕಣೋ. ಅವತ್ತು ಪಾಳಿ ಇದ್ದರೆ ಕರೆದುಕೊಂಡು ಹೋಗೋದು ನಾನು. ನೀನು ಮಲಗು.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಹಳೇ ಸಂಡೇಸ್ಕೂಲ್ ಬೆಂಚಿನವನು