ಗರ್ಭ ಕಟ್ಟದಿರುವುದು ಬೇರೆ, ಕಟ್ಟಿದ್ದು ಉಳಿಯದಿರುವುದು ಬೇರೆ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ‘ಎರಡು ತಿಂಗಳ ಗರ್ಭ ಹೋಯಿತು. ಇನ್ನು ನಾವೇ ಪ್ರಯತ್ನಿಸಬೇಕೋ, ಐವಿಎಫ್‌ಗೆ ಹೋಗಬೇಕೋ?’ ಉತ್ತರವೂ ಹೆಚ್ಚುಕಡಿಮೆ ಒಂದೇ. ತಜ್ಞರನ್ನು ಕಾಣಿ, ಚಿಂತೆ ಬಿಡಿ. ತಜ್ಞರನ್ನು ಕಾಣುವುದು ಸರಿಯೇ. ಆದರೆ ಏನು ಕೇಳಬೇಕು, ಯಾವುದಕ್ಕೆ ‘ಸದ್ಯಕ್ಕೆ ಬೇಡ’ ಎನ್ನಬೇಕು ಎಂದು ತಿಳಿಯದೆ ಹೋದವರು ಉದ್ದನೆಯ ಪರೀಕ್ಷೆಗಳ ಚೀಟಿ ಹಿಡಿದು ಹೊರಬರುತ್ತಾರೆ. ಅದಕ್ಕಾಗಿ ಈ ಪತ್ರ. ಉದ್ದವಾಯಿತು, ಕ್ಷಮೆಯಿರಲಿ.

ಮೊದಲು ಬಿಡಿಸಬೇಕಾದ ಗಂಟು ಒಂದಿದೆ. ಗರ್ಭ ಕಟ್ಟದಿರುವುದು ಒಂದು ತೊಂದರೆ, ಕಟ್ಟಿದ್ದು ಉಳಿಯದಿರುವುದು ಇನ್ನೊಂದು. ಐವಿಎಫ್, ಅಂದರೆ ಪ್ರಯೋಗಾಲಯದಲ್ಲಿ ಭ್ರೂಣ ಮಾಡಿ ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ, ಹುಟ್ಟಿಕೊಂಡದ್ದು ಮೊದಲನೆಯದಕ್ಕೆ. ತಾನಾಗಿಯೇ ಗರ್ಭ ಕಟ್ಟಿತ್ತು ಎಂದರೆ ಅಂಡಾಣು ಬಿಡುಗಡೆಯಾಗಿತ್ತು, ಒಂದಾದರೂ ಗರ್ಭನಾಳ ತೆರೆದಿತ್ತು, ವೀರ್ಯಾಣು ಅಲ್ಲಿಗೆ ತಲುಪಿತ್ತು, ಭ್ರೂಣ ಗರ್ಭಕೋಶಕ್ಕೆ ಅಂಟಿಯೂ ಇತ್ತು. ಪ್ರಯೋಗಾಲಯ ಮಾಡಿಕೊಡುವುದು ಇದರಲ್ಲಿ ಮೊದಲ ಮೂರನ್ನು ಮಾತ್ರ. ಅಂಟಿಕೊಳ್ಳುವುದು ಅಲ್ಲಿಯೂ ಭ್ರೂಣದ್ದೇ ಕೆಲಸ. ಅಂಟಿದ ಮೇಲೆ ಹೋಗುವ ಸಾಧ್ಯತೆ ಐವಿಎಫ್‌ನಲ್ಲೂ ವಯಸ್ಸನ್ನೇ ಅನುಸರಿಸುತ್ತದೆ, ಏಕೆಂದರೆ ಅಂಡಾಣು ಅದೇ ಹೆಂಗಸಿನದು.

ಮೂರು ತಿಂಗಳೊಳಗೆ ಹೋಗುವ ಗರ್ಭಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಭ್ರೂಣದ ಕ್ರೋಮೋಸೋಮ್ (ವಂಶವಾಹಿಗಳ ಎಳೆ) ಸಂಖ್ಯೆಯೇ ತಪ್ಪಿರುತ್ತದೆ. ಒಂದು ಹೆಚ್ಚು ಅಥವಾ ಒಂದು ಕಡಿಮೆ. ಈ ತಪ್ಪು ಬಹುಪಾಲು ಅಂಡಾಣು ತಯಾರಾಗುವಾಗಲೇ ಆಗಿರುತ್ತದೆ. ಮೆಟ್ಟಿಲು ಹತ್ತಿದ್ದು, ಬೈಕಿನಲ್ಲಿ ಹೋದದ್ದು, ಮನೆಯಲ್ಲಿ ಜಗಳವಾದದ್ದು ಇದಕ್ಕೆ ಕಾರಣವಲ್ಲ. ಹೆಂಗಸಿನ ವಯಸ್ಸು 25ರಿಂದ 29 ಇದ್ದಾಗ ಹೀಗೆ ಗರ್ಭ ಹೋಗುವುದು ಸುಮಾರು ಶೇ 10, ಅದೇ 45 ದಾಟಿದರೆ ಶೇ 50ಕ್ಕೂ ಮೇಲೆ. ಒಂದು ಸಲ ಹೋದವರಲ್ಲಿ ಮುಂದಿನದೂ ಹೋಗುವ ಸಾಧ್ಯತೆ ಸುಮಾರು ಶೇ 20. ಅಂದರೆ ಐವರಲ್ಲಿ ನಾಲ್ವರಿಗೆ ಮುಂದಿನ ಗರ್ಭ ಏನೂ ಮಾಡದೆಯೇ ಉಳಿಯುತ್ತದೆ. ನಲವತ್ತರ ಆಸುಪಾಸಿನಲ್ಲಿರುವವರು ಈ ಲೆಕ್ಕವನ್ನು ತಮ್ಮದೆಂದು ಹಿಡಿಯಬಾರದು.

ಹೋದ ಗರ್ಭದ ಅಂಶವನ್ನು ಪರೀಕ್ಷೆಗೆ ಕಳಿಸುವಲ್ಲಿ ಆಗುವ ಒಂದು ಎಡವಟ್ಟನ್ನು ಹೇಳಲೇಬೇಕು. ಗರ್ಭಕೋಶ ಕ್ಲೀನ್ ಮಾಡುವಾಗ ಸಿಕ್ಕ ಅಂಶವನ್ನು ಅಭ್ಯಾಸಬಲದಿಂದ ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಡಬ್ಬಿಗೆ ಹಾಕಿಬಿಡುತ್ತಾರೆ. ಫಾರ್ಮಲಿನ್‌ನಲ್ಲಿ ಜೀವಕೋಶ ಸಾಯುತ್ತದೆ. ಸತ್ತ ಕೋಶವನ್ನು ಬೆಳೆಸಿ ಕ್ರೋಮೋಸೋಮ್ ಎಣಿಸಲು ಆಗದು. ಕ್ರೋಮೋಸೋಮ್ ಪರೀಕ್ಷೆ ಬೇಕಿದ್ದರೆ ಅಂಶ ಹೋಗಬೇಕಾದ್ದು ಶುದ್ಧ ಸಲೈನ್‌ಗೆ ಅಥವಾ ಲ್ಯಾಬ್ ಕೊಡುವ ದ್ರಾವಣಕ್ಕೆ. ಇದನ್ನು ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆಯೇ ಹೇಳಿರಬೇಕು, ಆಮೇಲೆ ಹೇಳಿ ಪ್ರಯೋಜನವಿಲ್ಲ. ವರದಿಯಲ್ಲಿ ‘ಸಹಜ, ಹೆಣ್ಣು’ ಎಂದು ಬಂದರೂ ಒಮ್ಮೆ ಅನುಮಾನಿಸಿ, ತಾಯಿಯದೇ ಅಂಶ ಬೆರೆತು ತಾಯಿಯ ಕ್ರೋಮೋಸೋಮನ್ನೇ ಎಣಿಸಿರಬಹುದು. ಬೆರಕೆ ಆಗಿಲ್ಲವೆಂದು ಪರಿಶೀಲಿಸಿದ್ದೀರಾ ಎಂದು ಲ್ಯಾಬನ್ನು ಕೇಳಿ. ಮೊದಲ ಸಲಕ್ಕೆ ಈ ಪರೀಕ್ಷೆ ಕಡ್ಡಾಯವೇನಲ್ಲ. ಎರಡನೆಯ ಸಲಕ್ಕೆ ಬಹಳ ಉಪಯೋಗ: ಭ್ರೂಣದ್ದೇ ದೋಷವೆಂದು ತಿಳಿದರೆ ತಾಯಿಯ ದೇಹದಲ್ಲಿ ಕಾರಣ ಹುಡುಕುತ್ತ ಅಲೆಯುವುದು ತಪ್ಪುತ್ತದೆ.

ಮತ್ತೆ ಯಾವಾಗ? ‘ಆರು ತಿಂಗಳು ಬಿಡಿ’ ಎನ್ನುವ ಮಾತಿನ ಮೂಲ ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಸಲಹೆ. ಆಮೇಲಿನ ಅಧ್ಯಯನಗಳಲ್ಲಿ ಆರು ತಿಂಗಳೊಳಗೆ ಗರ್ಭಿಣಿಯಾದವರಿಗೆ ಹೆಚ್ಚಿನ ಕೆಡುಕೇನೂ ಕಂಡಿಲ್ಲ. ರಕ್ತಸ್ರಾವ ನಿಂತು, ಒಂದು ಮುಟ್ಟು ಬಂದು ಹೋದರೆ ಸಾಕು. ಆ ಒಂದು ಮುಟ್ಟನ್ನೂ ಕಾಯಲು ಹೇಳುವುದು ಮುಖ್ಯವಾಗಿ ದಿನಗಳ ಲೆಕ್ಕ ಸಿಗಲಿ ಎಂದು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಮುಟ್ಟು ಮರಳುತ್ತದೆ, ಅದಕ್ಕೂ ಮುಂಚೆಯೇ ಅಂಡಾಣು ಬಿಡುಗಡೆ ಆಗಿರುತ್ತದೆ. ಮೂರು ವಾರದ ಮೇಲೂ ಮೂತ್ರದ ಕಿಟ್‌ನಲ್ಲಿ ಎರಡು ಗೆರೆ ಬರುತ್ತಿದ್ದರೆ ಒಳಗೆ ಅಂಶ ಉಳಿದಿರಬಹುದು, ತೋರಿಸಿಕೊಳ್ಳಬೇಕು. ಕ್ಲೀನ್ ಮಾಡಿಸಿದ ಮೇಲೆ ಮುಟ್ಟು ತೀರಾ ಕಡಿಮೆಯಾದರೆ ಅಥವಾ ಬಾರದೇ ಹೋದರೆ ಗರ್ಭಕೋಶದ ಗೋಡೆಗಳು ಒಂದಕ್ಕೊಂದು ಅಂಟಿರುವ ಶಂಕೆಯಿದೆ. ಅದನ್ನು ಹಿಸ್ಟರೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಕೊಳವೆಯನ್ನು ಗರ್ಭಕೋಶದೊಳಗೆ ತೂರಿಸಿ, ಕಣ್ಣಾರೆ ನೋಡಿ ಬಿಡಿಸಬೇಕು.

ನಿಜವಾಗಿ ಕಾಯಬೇಕಾದವರು ಇಬ್ಬರು. ದ್ರಾಕ್ಷಿ ಗರ್ಭ (ಮೋಲಾರ್), ಅಂದರೆ ಮಗುವಿನ ಬದಲು ಗರ್ಭದ ಅಂಗಾಂಶವೇ ದ್ರಾಕ್ಷಿ ಗೊಂಚಲಿನಂತೆ ಬೆಳೆಯುವ ರೋಗ ಆಗಿದ್ದವರು ಎಚ್‌ಸಿಜಿ ಎಂಬ ಗರ್ಭದ ಹಾರ್ಮೋನಿನ ಪ್ರಮಾಣ ಪೂರ್ತಿ ಇಳಿದು, ವೈದ್ಯರು ಹೇಳಿದ ಅವಧಿಯ ತನಕ ಗರ್ಭ ಧರಿಸಕೂಡದು. ನಡುವೆ ಗರ್ಭ ಕಟ್ಟಿದರೆ ಏರುತ್ತಿರುವುದು ಹೊಸ ಗರ್ಭದ ಹಾರ್ಮೋನೋ ಹಳೆಯ ರೋಗದ್ದೋ ತಿಳಿಯುವುದಿಲ್ಲ. ಗರ್ಭನಾಳದ ಗರ್ಭಕ್ಕೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಪಡೆದವರು ಮೂರು ತಿಂಗಳು ತಡೆಯಬೇಕು, ಅದು ಭ್ರೂಣದ ಬೆಳವಣಿಗೆಗೆ ಬೇಕಾದ ಫೋಲಿಕ್ ಆಮ್ಲಕ್ಕೆ ಎದುರಾಳಿ ಔಷಧ. ಇನ್ನು ರಕ್ತದ ಗುಂಪು ನೆಗೆಟಿವ್ ಆಗಿರುವವರು, ತಾಯಿಯ ದೇಹ ಮುಂದಿನ ಮಗುವಿನ ರಕ್ತಕ್ಕೆ ವಿರೋಧ ಬೆಳೆಸದಂತೆ ತಡೆಯುವ ಆ್ಯಂಟಿ-ಡಿ ಚುಚ್ಚುಮದ್ದು ಬೇಕಿತ್ತೇ, ಬೇಕಿದ್ದರೆ 72 ಗಂಟೆಯೊಳಗೆ ಸಿಕ್ಕಿತೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿಕೊಳ್ಳಲಿ.

‘ನಾವೇ ಪ್ರಯತ್ನಿಸುತ್ತೇವೆ’ ಎಂದವರಿಗೆ ಲೆಕ್ಕ ಇಷ್ಟೇ. ಅಂಡಾಣು ಬಿಡುಗಡೆಯಾದ ಮೇಲೆ ಬದುಕುವುದು 12ರಿಂದ 24 ಗಂಟೆ, ವೀರ್ಯಾಣು ಐದು ದಿನದವರೆಗೂ ಬದುಕಬಲ್ಲದು. ಆದ್ದರಿಂದ ಫಲ ನಿಲ್ಲುವುದು ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನ. ಬಿಡುಗಡೆಯ ದಿನವನ್ನು ಹಿಂದಿನ ಮುಟ್ಟಿನಿಂದ 14 ಎಂದು ಎಣಿಸುವುದೇ ಎಲ್ಲರೂ ಮಾಡುವ ತಪ್ಪು. ಮುಂದಿನ ಮುಟ್ಟಿನಿಂದ ಹಿಂದಕ್ಕೆ 14 ಎಣಿಸಬೇಕು. 32 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು 18ನೇ ದಿನ, ಮುಖ್ಯವಾದ ದಿನಗಳು 13ರಿಂದ 18. ಇವರು 10ರಿಂದ 14ರವರೆಗೆ ಪ್ರಯತ್ನಿಸಿ ‘ಆಗಲಿಲ್ಲ’ ಎಂದರೆ ದೋಷ ದೇಹದ್ದಲ್ಲ, ಕ್ಯಾಲೆಂಡರಿನದು. ಎರಡು ಮೂರು ದಿನಕ್ಕೊಮ್ಮೆ ಸೇರುವ ದಂಪತಿಗೆ ಈ ಎಣಿಕೆಯೇ ಬೇಡ.

ಅಂಡಾಣು ಬಿಡುಗಡೆಗೆ ಮುಂಚೆ ಏರುವ ಹಾರ್ಮೋನನ್ನು ಮೂತ್ರದಲ್ಲಿ ತೋರಿಸುವ ಎಲ್‌ಎಚ್ ಕಿಟ್ ಬಳಸುವವರು ಮುಟ್ಟು ನಿರೀಕ್ಷಿಸುವ ದಿನಕ್ಕೆ 17 ದಿನ ಮುಂಚಿನಿಂದ ದಿನವೂ ಒಂದೇ ಹೊತ್ತಿಗೆ ನೋಡಲಿ. ಎರಡನೆಯ ಗೆರೆ ಮೊದಲನೆಯದರಷ್ಟೇ ಅಥವಾ ಅದಕ್ಕಿಂತ ಗಾಢವಾದಾಗ ಬಿಡುಗಡೆ ಇನ್ನು 24ರಿಂದ 36 ಗಂಟೆಯಲ್ಲಿ. ತೆಳು ಗೆರೆಯನ್ನು ‘ಬಂತು’ ಎಂದು ಎಣಿಸಬಾರದು. ಗರ್ಭ ಹೋದ ಮೊದಲ ವಾರಗಳಲ್ಲಿ ದೇಹದಲ್ಲಿ ಉಳಿದ ಎಚ್‌ಸಿಜಿಯನ್ನೇ ಈ ಕಿಟ್ ಎಲ್‌ಎಚ್ ಎಂದು ಓದಬಹುದು. ಪಿಸಿಒಎಸ್ (ಅಂಡಾಣು ಬಿಡುಗಡೆ ಏರುಪೇರಾಗುವ ಹಾರ್ಮೋನ್ ತೊಂದರೆ) ಇದ್ದವರಲ್ಲೂ ಗೆರೆ ಸುಮ್ಮಸುಮ್ಮನೆ ಗಾಢವಾಗುತ್ತದೆ. ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೋಗ್ರಾಂ, ಪ್ರಯತ್ನ ಶುರುವಾಗುವ ಮುಂಚಿನಿಂದಲೇ. ಮಧುಮೇಹ ಅಥವಾ ಮೂರ್ಛೆರೋಗದ ಮಾತ್ರೆ ಇರುವವರಿಗೆ 5 ಮಿಲಿಗ್ರಾಂ ಬೇಕಾಗಬಹುದು.

ಗಡುವಿನ ಬಗ್ಗೆ. ಹೆಂಗಸಿಗೆ 35 ತುಂಬಿಲ್ಲದಿದ್ದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು, 40 ಆಗಿದ್ದರೆ ಕಾಯದೆ ಈಗಲೇ ತಪಾಸಣೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವವರು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ) ಇರುವವರು, ಗರ್ಭನಾಳದ ಸೋಂಕೋ ಶಸ್ತ್ರಚಿಕಿತ್ಸೆಯೋ ಆದವರು, ಗಂಡನ ವೀರ್ಯದ ವರದಿ ಮೊದಲೇ ಕೆಟ್ಟಿರುವವರು ಗಡುವು ನೋಡುತ್ತ ಕೂರಬೇಕಿಲ್ಲ. ಹೋದ ಗರ್ಭ ಕಟ್ಟಲು ಎಷ್ಟು ತಿಂಗಳು ಹಿಡಿದಿತ್ತು ಎಂಬುದನ್ನೂ ನೋಡಿ. ಮೂರು ತಿಂಗಳಲ್ಲಿ ಕಟ್ಟಿದ್ದರೆ ಧೈರ್ಯವಾಗಿ ಕಾಯಬಹುದು. ಮೂರು ವರ್ಷ ಹಿಡಿದಿದ್ದರೆ ಕಟ್ಟುವ ತೊಂದರೆ ಮೊದಲೇ ಇತ್ತು, ಗರ್ಭಪಾತ ಅದನ್ನು ಅಳಿಸಿಹಾಕಿಲ್ಲ.

ತಪಾಸಣೆಗೆ ಹೋದರೆ ಗಂಡನದೂ ಅದೇ ವಾರ ಆಗಲಿ. ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ತಡವಾಗಿ ಆಗುವುದೂ ಅದೇ. ಎರಡರಿಂದ ಏಳು ದಿನದ ಬಿಡುವಿನ ನಂತರ ಕೊಡಬೇಕು, ಮೊದಲ ಹನಿ ಚೆಲ್ಲಿದರೆ ಲ್ಯಾಬಿಗೆ ಹೇಳಬೇಕು, ಏಕೆಂದರೆ ಹೆಚ್ಚಿನ ವೀರ್ಯಾಣು ಇರುವುದು ಅದರಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿ ಮಿಲಿಲೀಟರಿಗೆ 1.6 ಕೋಟಿ, ಚಲನೆ ಒಟ್ಟು ಶೇ 42. ‘ಸಹಜ ಆಕಾರ ಶೇ 4’ ಎಂದು ಕಂಡು ಹೌಹಾರುವವರಿದ್ದಾರೆ, ಆ ಕೆಳಮಿತಿಯೇ ಶೇ 4. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಹಾಗಾಗಿ ಜ್ವರ ಬಂದಿದ್ದರೆ ಮೂರು ತಿಂಗಳ ಮೇಲೆ ಮತ್ತೊಮ್ಮೆ ನೋಡಬೇಕು. ಜಿಮ್‌ನಲ್ಲಿ ಟೆಸ್ಟೊಸ್ಟೆರಾನ್ ಚುಚ್ಚಿಸಿಕೊಳ್ಳುವವರಲ್ಲಿ ವೀರ್ಯಾಣು ಸೊನ್ನೆಗೂ ಇಳಿಯುತ್ತದೆ.

ಹೆಚ್ಚು ಜನರನ್ನು ಹೆದರಿಸುವುದು ಎಎಂಎಚ್ ಎಂಬ ರಕ್ತಪರೀಕ್ಷೆ. ಅಂಡಾಶಯವನ್ನು ಪ್ರಚೋದಿಸುವ ಚುಚ್ಚುಮದ್ದು ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದು ಎಂಬುದನ್ನು ಅದು ಹೇಳುತ್ತದೆ. ಈ ತಿಂಗಳು ತಾನಾಗಿ ಗರ್ಭ ಕಟ್ಟುತ್ತದೆಯೇ ಎಂಬುದನ್ನಲ್ಲ. ಬಂಜೆತನದ ಇತಿಹಾಸವಿಲ್ಲದ 30ರಿಂದ 44ರ ವಯಸ್ಸಿನವರನ್ನು ನೋಡಿದ 2017ರ ಅಧ್ಯಯನದಲ್ಲಿ ಎಎಂಎಚ್ ಕಡಿಮೆ ಇದ್ದವರೂ ಉಳಿದವರಷ್ಟೇ ಗರ್ಭ ಧರಿಸಿದರು. ಈ ಒಂದು ಅಂಕಿ ತೋರಿಸಿ ‘ಕಾಯಲು ಸಮಯವಿಲ್ಲ’ ಎಂದವರಿಗೆ ಎರಡನೆಯ ಅಭಿಪ್ರಾಯ ಕೇಳುತ್ತೇವೆ ಎನ್ನಿ.

ಚಿಕಿತ್ಸೆ ಎಂದರೆ ಐವಿಎಫ್ ಒಂದೇ ಅಲ್ಲ. ಪಿಸಿಒಎಸ್‌ನಿಂದ ಅಂಡಾಣು ಬಿಡುಗಡೆಯಾಗದಿದ್ದರೆ ಅದನ್ನು ಮಾಡಿಸುವ ಮಾತ್ರೆ ಲೆಟ್ರೊಜೋಲ್ 2.5 ಮಿಲಿಗ್ರಾಂ, ಮುಟ್ಟಿನ 3ನೇ ದಿನದಿಂದ ಐದು ದಿನ, ಫಲಿಸದಿದ್ದರೆ ಮುಂದಿನ ಚಕ್ರದಲ್ಲಿ 5. 2014ರ ದೊಡ್ಡ ಪ್ರಯೋಗದಲ್ಲಿ ಲೆಟ್ರೊಜೋಲ್ ಪಡೆದವರಲ್ಲಿ ಶೇ 27.5 ಮಂದಿಗೆ ಮಗುವಾಯಿತು, ಹಳೆಯ ಕ್ಲೊಮಿಫೀನ್‌ನಲ್ಲಿ ಶೇ 19.1. ಅಂಡಾಣು ಇರುವ ಚೀಲಗಳು (ಫಾಲಿಕಲ್) ಮೂರು ನಾಲ್ಕು ಒಟ್ಟಿಗೆ ಬೆಳೆದರೆ ಆ ತಿಂಗಳು ಬಿಟ್ಟುಬಿಡಬೇಕು, ಇಲ್ಲವಾದರೆ ಅವಳಿ–ತ್ರಿವಳಿ ಆಗಿ ಗರ್ಭ ಉಳಿಸಿಕೊಳ್ಳುವುದೇ ಇನ್ನೂ ಕಷ್ಟ. ಸ್ಕ್ಯಾನಿಂಗ್ ಇಲ್ಲದೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ಸರಿಯಲ್ಲ. ಎರಡೂ ಗರ್ಭನಾಳ ಮುಚ್ಚಿದ್ದರೆ, ವೀರ್ಯಾಣು ತೀರಾ ಕಡಿಮೆಯಿದ್ದರೆ, ವಯಸ್ಸು ಮೀರುತ್ತಿದ್ದರೆ ಐವಿಎಫ್‌ಗೆ ತಡಮಾಡಬಾರದು. ಹೋದ ಗರ್ಭವೇ ಐವಿಎಫ್‌ನದಾಗಿದ್ದು ಫ್ರೀಜ್ ಮಾಡಿದ ಭ್ರೂಣ ಉಳಿದಿದ್ದರೆ ಒಂದೆರಡು ಮುಟ್ಟಿನ ಮೇಲೆ ಅದನ್ನೇ ಇಡಿಸಬಹುದು. ಹೊಸದಾಗಿ ಅಂಡಾಣು ತೆಗೆಸುವ ಅವಸರವಿಲ್ಲ.

‘ಭ್ರೂಣವನ್ನು ಪರೀಕ್ಷಿಸಿ ಒಳ್ಳೆಯದನ್ನೇ ಇಡುತ್ತೇವೆ’ ಎಂಬುದು ಕಿವಿಗೆ ಇಂಪು. ಕ್ರೋಮೋಸೋಮ್ ಎಣಿಸುವ ಪಿಜಿಟಿ-ಎ ಎಂಬ ಆ ಪರೀಕ್ಷೆ ಭ್ರೂಣವನ್ನು ಆರಿಸುತ್ತದೆ, ಸರಿಪಡಿಸುವುದಿಲ್ಲ. ಇಟ್ಟ ಪ್ರತಿ ಭ್ರೂಣಕ್ಕೆ ಗರ್ಭಪಾತ ಕಡಿಮೆಯಾಗಬಹುದು. ಆದರೆ ಹತ್ತು ಅಂಡಾಣು ತೆಗೆದವರಿಗೆ ಇಡಲು ಒಂದೂ ಉಳಿಯದಿರುವುದುಂಟು. ಕಾರಣ ತಿಳಿಯದೆ ಪದೇ ಪದೇ ಗರ್ಭ ಹೋಗುವವರಿಗೆ ಇದನ್ನು ವಾಡಿಕೆಯಾಗಿ ಮಾಡಬೇಕೆಂದು ಯುರೋಪಿನ ತಜ್ಞರ ಸಂಘದ ಮಾರ್ಗಸೂಚಿ ಹೇಳುವುದಿಲ್ಲ.

ಎರಡು ಸಲ ಹೋದರೆ ಹುಡುಕಾಟ ಶುರುವಾಗಬೇಕು. ಮೂರನೆಯದಕ್ಕೆ ಕಾಯುವುದು ಹಳೆಯ ಪದ್ಧತಿ. ಥೈರಾಯ್ಡ್, ಸಕ್ಕರೆ, 3ಡಿ ಸ್ಕ್ಯಾನಿಂಗ್, ಇಬ್ಬರ ಕ್ರೋಮೋಸೋಮ್, ಜೊತೆಗೆ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುವ ಆ್ಯಂಟಿಫಾಸ್ಫೋಲಿಪಿಡ್ ಆ್ಯಂಟಿಬಾಡಿ. ಈ ಕೊನೆಯದು ಒಮ್ಮೆ ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ನೋಡದೆ ರೋಗವೆಂದು ಹೆಸರಿಡುವಂತಿಲ್ಲ. ಸಾಮಾನ್ಯ ಸೋಂಕಿನಲ್ಲೂ ತಾತ್ಕಾಲಿಕವಾಗಿ ಏರುತ್ತದೆ. ದೃಢಪಟ್ಟರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ನಿಜವಾಗಿ ಕೆಲಸ ಮಾಡುತ್ತವೆ. ದೃಢಪಡದವರ ಹೊಟ್ಟೆಗೆ ದಿನವೂ ಹೆಪಾರಿನ್ ಚುಚ್ಚುವುದರಿಂದ ನೋವು, ಕಂದುಗಲೆ ಬಿಟ್ಟರೆ ಲಾಭ ಕಂಡಿಲ್ಲ. ಗಂಡನ ರಕ್ತದ ಬಿಳಿಕಣ ತೆಗೆದು ಹೆಂಡತಿಗೆ ಚುಚ್ಚುವ ‘ಇಮ್ಯೂನೋಥೆರಪಿ’ಗೆ ಸ್ಪಷ್ಟವಾಗಿ ಬೇಡ ಎನ್ನಿ.

ಗರ್ಭ ಉಳಿಯಲು ಬೇಕಾದ ಹಾರ್ಮೋನ್ ಪ್ರೊಜೆಸ್ಟೆರಾನ್ ವಿಷಯ ನಡುವಿನದು. 2015ರ ಪ್ರಯೋಗದಲ್ಲಿ, ಕಾರಣ ತಿಳಿಯದೆ ಮೂರು ಅಥವಾ ಹೆಚ್ಚು ಸಲ ಗರ್ಭ ಹೋಗಿದ್ದವರಿಗೆ ಮುಂದಿನ ಗರ್ಭದ ಆರಂಭದಿಂದ ಕೊಟ್ಟಾಗ ಶೇ 65.8 ಮಂದಿಗೆ ಮಗುವಾಯಿತು, ಸಕ್ಕರೆ ಗುಳಿಗೆಯಂಥ ಹುಸಿ ಔಷಧ ಪಡೆದವರಲ್ಲಿ ಶೇ 63.3. ವ್ಯತ್ಯಾಸವಿಲ್ಲ ಎಂಬುದಕ್ಕಿಂತ ನಮಗೆ ಮುಖ್ಯವೆನಿಸುವುದು ಎರಡನೆಯ ಅಂಕಿ: ಮೂರು ಸಲ ಕಳೆದುಕೊಂಡವರಲ್ಲೂ ಔಷಧವಿಲ್ಲದೆ ನೂರಕ್ಕೆ 63. ಆದರೆ ಮೊದಲು ಗರ್ಭ ಹೋಗಿದ್ದು, ಈ ಸಲ ಆರಂಭದಲ್ಲೇ ರಕ್ತ ಕಾಣಿಸಿಕೊಂಡವರ ಕಥೆ ಬೇರೆ. 2019ರ ಪ್ರಯೋಗದ ನಂತರ ಅವರಿಗೆ 400 ಮಿಲಿಗ್ರಾಂ, ದಿನಕ್ಕೆರಡು ಸಲ, ಯೋನಿಯೊಳಗೆ ಇಡುವುದು ರೂಢಿಗೆ ಬಂದಿದೆ.

ಮುಂದಿನ ಸಲ ಎರಡು ಗೆರೆ ಕಂಡಾಗ ಐದನೇ ವಾರಕ್ಕೇ ಸ್ಕ್ಯಾನಿಂಗ್‌ಗೆ ಓಡಬೇಡಿ. ಆಗ ಕಾಣುವುದು ಬರೀ ಚೀಲ. ಹೃದಯ ಬಡಿತ ಕಾಣುವುದು ಆರು ವಾರ ದಾಟಿದ ಮೇಲೆ, ಏಳನೇ ವಾರ ಒಳ್ಳೆಯ ಹೊತ್ತು. ಹಿಂದೆ ಗರ್ಭನಾಳದಲ್ಲಿ ಕಟ್ಟಿದವರು, ಹೊಟ್ಟೆನೋವು ಇರುವವರು ಮಾತ್ರ ಮುಂಚೆಯೇ ಹೋಗಬೇಕು. ಭ್ರೂಣದ ಉದ್ದ 7 ಮಿಲಿಮೀಟರ್ ತಲುಪುವ ಮುಂಚೆ ಬಡಿತ ಕಾಣಲಿಲ್ಲವೆಂದು ‘ಹೋಗಿದೆ, ಕ್ಲೀನ್ ಮಾಡಿಸಿ’ ಎಂದರೆ ಒಪ್ಪಬೇಡಿ, ಒಂದು ವಾರ ಬಿಟ್ಟು ಇನ್ನೊಂದು ಸ್ಕ್ಯಾನ್ ಕೇಳಿ. ಕಿಟ್‌ನಲ್ಲಿ ಗೆರೆ ಗಾಢವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರೆ ಅದನ್ನೂ ತೋರಿಸಿ. ಬಿಡುಗಡೆ 14ರ ಬದಲು 21ನೇ ದಿನ ಆಗಿದ್ದರೆ ‘ಒಂದು ವಾರ ಚಿಕ್ಕದಿದೆ’ ಎಂದ ಭ್ರೂಣ ಇರಬೇಕಾದಷ್ಟೇ ಇರುತ್ತದೆ.

ಇಂತಿ,
ನಿಮ್ಮ ಓದುಗರು